ಮಳೆಯ ಮಾತು ಬಿಟ್ಟ ಪ್ರಬೋಧನೆ

ಸಾಧಾರಣ ಕಾಲದ ಭಾನುವಾರಗಳಲ್ಲಿ ಮೊದಲ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿದೆ. 'ಎ' ವರ್ಷದ 15ನೇ ಭಾನುವಾರ ಮತ್ತಾಯ 13ರ ಬಿತ್ತುವವನ ಸಾಮತಿ; ಜೊತೆಗೆ ಯೆಶಾಯ 55ರಲ್ಲಿ ನೆಲವನ್ನು ತೋಯಿಸದೆ ಹಿಂದಿರುಗದ ಮಳೆ. ಒಮ್ಮೆ ನಾನು ಬಿತ್ತುವವನನ್ನು ಹಿಡಿದು, ಮಳೆಯನ್ನು ಬಿಟ್ಟೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಯಾರೂ ಕೇಳಲಿಲ್ಲ. ನಾಗಮಂಗಲದ ಕಡೆ ಅದನ್ನೇ ಹೇಳಿದೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ರಾಗಿ ಹೊಲದ ತಾಯಿಯೊಬ್ಬರು, "ಮಳೆ ಮಾತೇ ಆಡ್ಲಿಲ್ವಲ್ಲ ಸ್ವಾಮಿ" ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಶನಿವಾರ ಸಂಜೆ ಮನೆಯವರೆಲ್ಲ ಕುಳಿತು ಈ ಎರಡು ವಾಚನಗಳನ್ನು ಓದಿರಿ. (ಎರಡನೇ ವಾಚನ ತನ್ನದೇ ಜಾಡಿನಲ್ಲಿ ಸಾಗುತ್ತದೆ, ಹೊಂದಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ.) ಮನಸ್ಸಿಗೆ ಚುಚ್ಚಿದ ಮಾತನ್ನು ಪೂಜೆಗೆ ಮುಂಚೆಯೇ ನಿಮ್ಮ ಗುರುಗಳಿಗೆ ಹೇಳಿರಿ.