ಯಾರ ನಂಬರ್ ಕೊಡುತ್ತಾಳೆ?

ಪ್ರಶ್ನೆ: ಮಗಳು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದಾಳೆ. ಕ್ಯಾಂಪಸ್ಸಿಗೆ ಪೊಲೀಸರನ್ನು ಕರೆಸಿದ್ದಕ್ಕೆ ವಿದ್ಯಾರ್ಥಿಗಳು ಧರಣಿ ಕೂತರಂತೆ. ಇವಳೂ ಬೋರ್ಡು ಹಿಡಿದು ನಿಂತ ಫೋಟೊ ಊರವರ ಮೊಬೈಲಿಗೆಲ್ಲ ಬಂದಿದೆ. ಹೆಣ್ಣುಮಗಳು ಠಾಣೆ ಮೆಟ್ಟಿಲು ಹತ್ತಿದರೆ ಸರ್ಕಾರಿ ನೌಕರಿಯೂ ಇಲ್ಲ, ಮದುವೆಯೂ ಇಲ್ಲ. ಓದು ಬಿಡಿಸೋಣವೆಂದು ನಾನು, ಬೇಡವೆಂದು ಅವಳಮ್ಮ. ಏನು ಮಾಡಲಿ?
—ಹೆಸರು ಬೇಡ, ಗುಡೇಮಾರನಹಳ್ಳಿ, ಮಾಗಡಿ ತಾಲ್ಲೂಕು

ಉತ್ತರ: ನಾನು ಅವಳಮ್ಮನ ಕಡೆ. ವಿಶ್ವವಿದ್ಯಾಲಯವೇ ಕೊಡದ ಶಿಕ್ಷೆಯನ್ನು ನೀವೇಕೆ ಕೊಡುತ್ತೀರಿ?

ನಿಮ್ಮ ಭಯ ಸುಳ್ಳೆನ್ನುವುದಿಲ್ಲ. 2019ರ ಡಿಸೆಂಬರಿನಲ್ಲಿ ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದೊಳಕ್ಕೆ ಪೊಲೀಸರು ನುಗ್ಗಿದಾಗ ಬೆಂಗಳೂರಿನ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. ಪೌರತ್ವ ಕಾಯ್ದೆಯ ವಿರುದ್ಧ ಚಳವಳಿ ನಡೆದಿದ್ದ ಆ ದಿನಗಳಲ್ಲಿ ನಗರದಲ್ಲಿ 144ನೇ ಸೆಕ್ಷನ್ ಜಾರಿಯಾಯಿತು. ಪುರಭವನದ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೇ ಪೊಲೀಸರು ಎಳೆದೊಯ್ದರು. ಗುಂಪು ಸೇರುವಂತಿಲ್ಲ ತಾನೆ? ಐಐಎಂ ವಿದ್ಯಾರ್ಥಿಗಳು ಗೇಟಿನೆದುರು ತಮ್ಮ ಚಪ್ಪಲಿ, ಬೂಟು, ಬೋರ್ಡುಗಳನ್ನಷ್ಟೇ ಬಿಟ್ಟು ಹೋದರು. (ಚಪ್ಪಲಿ ಮೇಲೆ ಯಾವ ಸೆಕ್ಷನ್ ಹಾಕುವುದು!) 2020ರ ಫೆಬ್ರುವರಿ 13ರಂದು ಹೈಕೋರ್ಟ್, ಆ ನಿಷೇಧಾಜ್ಞೆಯೇ ಕಾನೂನಿನ ಮುಂದೆ ನಿಲ್ಲದು ಎಂದಿತು.

ನೌಕರಿಯ ಮಾತು. ಫೋಟೊ ಎಂದರೆ ಕೇಸಲ್ಲ, ಕೇಸೆಂದರೆ ಶಿಕ್ಷೆಯಲ್ಲ. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಟ್ಟರೇ ತೊಂದರೆ ಹೆಚ್ಚು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣಪುಟ್ಟ ಪ್ರಕರಣಗಳನ್ನು ನೌಕರಿ ಕೊಡುವವರು ಮನ್ನಿಸಬಹುದು ಎಂದಿದೆ. ಕಲ್ಲು ಎಸೆದರೆ ಮಾತ್ರ ಅದು ಬೇರೆಯೇ ಕತೆ. ಇದನ್ನು ಅವಳಿಗೆ ಬಿಡಿಸಿ ಹೇಳಿ. ಹಾಗೆಯೇ, ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕೇ ಜಾಗ ಎಂಬ ನಿಯಮ 2021ರಿಂದ ಇರುವುದರಿಂದ, ಮೆರವಣಿಗೆ ರಸ್ತೆಗಿಳಿದರೆ ವ್ಯಾನು ಹತ್ತಿಸುವ ಸಂಭವ ಹೆಚ್ಚು ಎನ್ನುವುದನ್ನೂ.

ಸಾಮಾನ್ಯವಾಗಿ ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಆದಾಯ ಎಷ್ಟೇ ಇರಲಿ, ಅವರಿಗೆ ಕಾನೂನು ನೆರವು ಉಚಿತ, ಸಹಾಯವಾಣಿ 15100. ಇನ್ನೊಂದಿದೆ: ಬಂಧಿಸಿದರೆ ಮನೆಯವರಿಗೋ ಅವಳು ಹೇಳಿದವರಿಗೋ ಪೊಲೀಸರು ತಿಳಿಸಲೇಬೇಕು. ಆಗ ಅವಳು ಯಾರ ನಂಬರ್ ಕೊಡುತ್ತಾಳೆ? ಓದು ಬಿಡಿಸುತ್ತೇನೆಂದು ಹೆದರಿಸಿದ ಅಪ್ಪನದನ್ನಂತೂ ಅಲ್ಲ. ಯಾರೋ ಗೆಳತಿಯದು ಕೊಡುತ್ತಾಳೆ, ನಿಮಗೆ ಮತ್ತೆ ಊರವರ ಮೊಬೈಲಿನಿಂದಲೇ ಗೊತ್ತಾಗಬೇಕು.

ಈ ಭಾನುವಾರ ಹೋಗಿ ಬನ್ನಿ, ಅವಳಮ್ಮನನ್ನೂ ಕರೆದುಕೊಂಡು. ಯಾಕೆ ಕೂತಿದ್ದೆ ಮಗಳೇ ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಎಷ್ಟೊತ್ತಾದರೂ ಮೊದಲು ನನಗೇ ಫೋನ್ ಮಾಡು ಎಂದು ಹೇಳಿ ಬನ್ನಿ. ಮದುವೆ ಮಾತು ಅವತ್ತು ತೆಗೆಯಲೇಬೇಡಿ.