ಯಾರದ್ದೆಂದು ಕೇಳಿ ಕೊಳ್ಳು

ತಮ್ಮಾ, ಸ್ವಂತವಾಗಿ ಕೆಲಸ ಹಿಡಿಯುತ್ತೇನೆಂದು ಹೊರಟಿದ್ದೀಯ, ಸಂತೋಷ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಎಲ್ಲೆಲ್ಲೂ ಹಳೇ ಮನೆ ಕೆಡವಿ ಅಂತಸ್ತಿನ ಮೇಲೆ ಅಂತಸ್ತು ಎಬ್ಬಿಸುತ್ತಿದ್ದಾರೆ. ಕಸುಬು ಬಲ್ಲವನಿಗೆ ಕೆಲಸ ಸಿಗುತ್ತದೆ, ಸಾಮಾನು ಹೊಂದಿಸುವುದೇ ಕಷ್ಟ. ಡ್ರಿಲ್ಲಿಂಗ್ ಮಿಷನ್, ಗ್ರೈಂಡರ್, ಮಾರ್ಬಲ್ ಕಟರ್ ಎಲ್ಲವನ್ನೂ ಹೊಸದಾಗಿ ಕೊಳ್ಳುವ ಶಕ್ತಿ ಮೊದಲ ವರ್ಷ ಯಾರಿಗೂ ಇರುವುದಿಲ್ಲ. ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕುತ್ತೀಯ, ಹುಡುಕು. ಆದರೆ ಯಾರ ಮಿಷನ್, ಅವನ ಕೈಗೆ ಹೇಗೆ ಬಂತು ಎಂದು ತಿಳಿಯದೆ ದುಡ್ಡು ಕೊಡಬೇಡ.

ಕದ್ದ ಮಾಲಿಗೆ ನೀನು ಪೂರ್ತಿ ಬೆಲೆ ಕೊಟ್ಟರೂ ಅದು ನಿನ್ನದಾಗುವುದಿಲ್ಲ. ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರದು. 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ನಿನ ತಿರುಳೇ ಇದು. ಕಳ್ಳ ಸಿಕ್ಕಿಬಿದ್ದು, ಯಾರಿಗೆ ಮಾರಿದೆನೆಂದು ಬಾಯಿಬಿಟ್ಟ ದಿನ ಪೊಲೀಸರು ನಿನ್ನ ಸೈಟಿಗೇ ಬಂದು ಮಹಜರು ಬರೆದು ಮಿಷನ್ ಜಪ್ತಿ ಮಾಡಬಹುದು. ನಿನ್ನ ದುಡ್ಡು ಏನಾಗುತ್ತದೆ? ಕಳ್ಳನಿಗೆ ಶಿಕ್ಷೆಯಾದರೆ, ಬಂಧಿಸಿದಾಗ ಅವನ ಬಳಿ ಸಿಕ್ಕ ಹಣದಲ್ಲಿ, ತಿಳಿಯದೆ ಕೊಂಡವನಿಗೂ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಅವನು ಅಷ್ಟರಲ್ಲಿ ಖರ್ಚು ಮಾಡಿಕೊಂಡಿದ್ದರೆ ಕೊಡಿಸಲು ಅಲ್ಲಿ ಏನೂ ಇರುವುದಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಭಯ ಇನ್ನೊಂದರದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್, ಹಿಂದೆ ಐಪಿಸಿ 411 ಆಗಿದ್ದದ್ದು. ಕದ್ದ ಮಾಲೆಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ತೆಗೆದುಕೊಂಡವನಿಗೆ ಇಲ್ಲವೇ ಇಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಗೊತ್ತಿತ್ತೆಂದು ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು, ನಿಜ. ಮಧ್ಯಪ್ರದೇಶದ ಪಾತ್ರೆ ಕಳವಿನ ಒಂದು ಪ್ರಕರಣದಲ್ಲಿ, ಅಂಥ ಪುರಾವೆ ಇಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತು. ಆದರೆ ಆ ಮನುಷ್ಯ ದೆಹಲಿಯವರೆಗೆ ಹೋಗಬೇಕಾಯಿತು. ಠಾಣೆ, ವಕೀಲ, ವಾಯಿದೆ ಎಂದು ಅಲೆದ ದಿನಗಳ ಕೂಲಿಯನ್ನು ಯಾವ ತೀರ್ಪೂ ತುಂಬಿಕೊಡುವುದಿಲ್ಲ. ಅದಕ್ಕೇ ಹೇಳುತ್ತೇನೆ, ಕೊಳ್ಳುವ ಮುಂಚೆ ನೀನು ಕೇಳಿದ ಪ್ರಶ್ನೆಗಳೇ ನಾಳೆ ನಿನ್ನ ಪರ ಸಾಕ್ಷಿ.

ಹಳೇ ಮೊಬೈಲಾದರೆ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ನೋಡಬಹುದು. ಡ್ರಿಲ್ಲಿಂಗ್ ಮಿಷನ್ನಿಗೆ ಅಂಥ ಅನುಕೂಲವಿಲ್ಲ, ನಿನ್ನ ಕಣ್ಣನ್ನೇ ನಂಬಬೇಕು. ಮೊದಲು ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ಹೊಸದರ ಬೆಲೆ ವಿಚಾರಿಸಿಕೋ. ಹೊಸದರಂತಿರುವ ಮಿಷನ್ನನ್ನು ಕಾಲು ಬೆಲೆಗೆ ಕೊಡುತ್ತೇನೆಂದರೆ ಕಾರಣ ಕೇಳು. ಸೀರಿಯಲ್ ನಂಬರ್ ಇರುವ ಜಾಗ ಕೆರೆದಿದ್ದರೆ ಮಾತೇ ಬೇಡ, ಎದ್ದು ಬಾ. ಬ್ಯಾಟರಿ ಮಿಷನ್ನಿಗೆ ಚಾರ್ಜರ್ ಇಲ್ಲವೆಂದರೂ ಅನುಮಾನವಿರಲಿ, ಸೈಟಿನಿಂದ ಎತ್ತಿಕೊಂಡು ಓಡಿದವನಿಗೆ ಗೋಡೆಗೆ ಸಿಕ್ಕಿಸಿದ್ದ ಚಾರ್ಜರ್ ಸಿಗುವುದಿಲ್ಲ. ಈ ಮಿಷನ್ನಿನಲ್ಲಿ ಏನು ಕೆಲಸ ಮಾಡುತ್ತಿದ್ದೆ, ಕಾರ್ಬನ್ ಬ್ರಷ್ ಯಾವಾಗ ಬದಲಿಸಿದೆ ಎಂದು ಕೇಳು. ದುಡಿದವನಿಗೆ ತನ್ನ ಮಿಷನ್ನಿನ ಕಾಯಿಲೆಯೆಲ್ಲ ಗೊತ್ತಿರುತ್ತದೆ. ಕತ್ತಲಾದ ಮೇಲೆ ಬನಶಂಕರಿ ಮೆಟ್ರೋ ಕೆಳಗೆ ಬಾ, ಕ್ಯಾಶ್ ತಾ ಎಂದರೆ, ಹಗಲು ಹೊತ್ತು ರಿಪೇರಿ ಅಂಗಡಿಯ ಮುಂದೆ ಸಿಗೋಣ ಎನ್ನು. ಒಪ್ಪದಿದ್ದರೆ ಬಿಟ್ಟುಬಿಡು.

ಇಲ್ಲಿ ಒಂದು ಮಾತು ಸೇರಿಸಬೇಕು. ಮಾರುವವನ ಭಾಷೆ ಬೇರೆ, ಬಟ್ಟೆ ಹಳೆಯದು ಎಂದು ಅವನನ್ನು ಕಳ್ಳನೆಂದುಕೊಳ್ಳಬೇಡ. ಊರಿಗೆ ಹೊರಟ ಕೂಲಿಯವನೊಬ್ಬ ಬಿಲ್ಲಿಲ್ಲದ ತನ್ನದೇ ಮಿಷನ್ನನ್ನು ಮಾರುತ್ತಿರಬಹುದು. ಅಂಥವನ ಹತ್ತಿರ ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಸೀರಿಯಲ್ ನಂಬರ್, ಬೆಲೆ, ತಾರೀಖು ಬರೆಸಿ ಸಹಿ ಮಾಡಿಸಿಕೋ, ಗುರುತಿನ ಚೀಟಿ ನೋಡು, ಹಣ ಯುಪಿಐ ಮೂಲಕ ಕೊಡು. ಆ ಹಾಳೆ ಕದ್ದದ್ದನ್ನು ನಿನ್ನದಾಗಿಸುವುದಿಲ್ಲ, ನೀನು ಮುಚ್ಚುಮರೆಯಿಲ್ಲದೆ ಕೊಂಡೆ ಎಂಬುದನ್ನು ತೋರಿಸುತ್ತದೆ. ಪ್ರಾಮಾಣಿಕನಾದವನು ಬರೆದುಕೊಡಲು ಹಿಂಜರಿಯುವುದು ಕಡಿಮೆ.

ಮಿಷನ್ ಕಳೆದುಕೊಂಡವನ ಕಡೆಯಿಂದಲೂ ಯೋಚಿಸು. ಬಿ.ಟಿ.ಎಂ. ಲೇಔಟಿನ ಯಾವುದೋ ಸೈಟಿನ ಶೆಡ್ಡಿನಿಂದ ಗ್ರೈಂಡರ್ ಹೋದರೆ ಮಾರನೇ ದಿನ ಆ ಟೈಲ್ಸ್ ಕೆಲಸದವನಿಗೆ ಕೂಲಿಯಿಲ್ಲ. ಅವನು ಕಂತಿನಲ್ಲಿ ಕೊಂಡಿದ್ದರೆ ಮಿಷನ್ ಹೋದ ಮೇಲೂ ಕಂತು ಕಟ್ಟುತ್ತಲೇ ಇರುತ್ತಾನೆ. ಅವನೂ ನಿನ್ನ ಕಸುಬಿನವನೇ, ತಮ್ಮಾ. ಕೊಳ್ಳುವವರಿದ್ದಾರೆಂಬ ಧೈರ್ಯದಿಂದಲೇ ಕಳ್ಳ ಶೆಡ್ಡಿನ ಬೀಗ ಮುರಿಯುತ್ತಾನೆ.

ಕೊಂಡ ಮೇಲೆ ಕಳ್ಳಮಾಲೆಂದು ತಿಳಿದರೆ? ಇನ್ನೊಬ್ಬನಿಗೆ ದಾಟಿಸಿ ಕೈ ತೊಳೆದುಕೊಳ್ಳಬೇಡ. ತಿಳಿದೂ ಇಟ್ಟುಕೊಳ್ಳುವುದು, ಮಾರಿಬಿಡಲು ನೆರವಾಗುವುದು ಎರಡೂ ಅಪರಾಧ. ಇದನ್ನೇ ದಂಧೆ ಮಾಡಿಕೊಂಡವನಿಗೆ ಅದೇ 317ರಲ್ಲಿ ಜೀವಾವಧಿಯವರೆಗೂ ಶಿಕ್ಷೆಯಿದೆ. ಮೆಸೇಜು ಅಳಿಸದೆ, ಗೊತ್ತಿರುವ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು, ಮಿಷನ್ ಸಮೇತ ನೀನೇ ಠಾಣೆಗೆ ಹೋಗು.

ನಿನ್ನ ಸಾಮಾನಿನದೂ ಯೋಚಿಸು. ಇವತ್ತೇ ಒಂದೊಂದರ ಸೀರಿಯಲ್ ನಂಬರಿನ ಫೋಟೋ ತೆಗೆದು ಬಿಲ್ಲಿನ ಜೊತೆ ಮನೆಯವರ ಮೊಬೈಲಿಗೂ ಕಳಿಸು. ಮಿಷನ್ನಿನ ಮೈಮೇಲೆ ನಿನ್ನ ಹೆಸರು ಕೆತ್ತಿಸು. ಕಳುವಾದ ದಿನ ಠಾಣೆಯಲ್ಲಿ ನೀಲಿ ಡ್ರಿಲ್ಲಿಂಗ್ ಮಿಷನ್ ಎಂದಷ್ಟೇ ಬರೆಸಿದರೆ, ಸಿಕ್ಕಿದ ಮಾಲಿನ ರಾಶಿಯಲ್ಲಿ ನಿನ್ನದು ಯಾವುದೆಂದು ಯಾರಿಗೂ ಹೇಳಲಾಗುವುದಿಲ್ಲ.