ಬಿ.ಪಿ. ಗುಳಿಗೆ: ಹೇಗೆ ಕೆಲಸ ಮಾಡುತ್ತದೆ, ಯಾಕೆ ಬಿಡಬಾರದು?



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಸಂಘಗಳ ಸಭೆಯಲ್ಲಿ ಬಿ.ಪಿ. ಮಾತು ಬಂದಾಗ ನಾವು ಹೆಚ್ಚಾಗಿ ಕೇಳುವುದು ಇದು: "ಸಿಸ್ಟರ್, ಈಗ ಆರಾಮ ಅದೀನ್ರಿ, ಗುಳಿಗಿ ಬಿಟ್ಟೀನಿ." ಅಪಾಯ ಇರುವುದು ಇಲ್ಲೇ. ಬಿ.ಪಿ. ಏರಿದ್ದರೂ ಬಹಳ ಜನರಿಗೆ ತಲೆನೋವಾಗಲಿ, ತಲೆಸುತ್ತಾಗಲಿ ಇರುವುದಿಲ್ಲ. ಗುಳಿಗೆ ನುಂಗಿದ್ದಕ್ಕೇ ಬಿ.ಪಿ. ಇಳಿದಿರುತ್ತದೆ, ಬಿಟ್ಟರೆ ಸದ್ದಿಲ್ಲದೆ ಮತ್ತೆ ಏರುತ್ತದೆ. ಒಂದು ದಿನ ಲಕ್ವಾ ಹೊಡೆದರೆ ದುಡಿಯುವ ಕೈಯೂ ನಿಲ್ಲುತ್ತದೆ, ಸಾಲದ ಕಂತೂ ನಿಲ್ಲುತ್ತದೆ.

ಬಿ.ಪಿ. ಎಂದರೇನು?

ಹೊಲದ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಹೃದಯ ಮೋಟಾರು, ರಕ್ತನಾಳ ಪೈಪು, ರಕ್ತ ನೀರು. ಪೈಪಿನ ಮೇಲೆ ಬೀಳುವ ಒತ್ತಡವೇ ಬಿ.ಪಿ. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದು ಏರಿದ ಒತ್ತಡ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಕೆಡುತ್ತವೆ.

ಯಾವ ಗುಳಿಗೆ ಏನು ಮಾಡುತ್ತದೆ?

1. ಆಮ್ಲೋಡಿಪಿನ್: ಪೈಪನ್ನು ಸಡಿಲಿಸಿ ಅಗಲ ಮಾಡುತ್ತದೆ. ಕೆಲವರಿಗೆ ಪಾದ ಬಾಯುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂಡುವವರು "ಕೂತು ಕೂತು ಬಾತಾವ" ಎಂದು ಸುಮ್ಮನಿರದೆ ಡಾಕ್ಟರಿಗೆ ತಿಳಿಸಬೇಕು.

2. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್: ಪೈಪು ಬಿಗಿಯಾಗಲಿ ಎಂದು ದೇಹ ಕಳಿಸುವ ಸಂದೇಶವನ್ನು ತಡೆಯುತ್ತವೆ. ಎನಾಲಾಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಈ ಮೂರೂ ಬಸುರಿಯರಿಗೆ ಕೂಡದು, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ. ಮುಟ್ಟು ತಪ್ಪಿದರೆ ಕೂಡಲೇ ಡಾಕ್ಟರನ್ನು ಕಾಣಿರಿ. ಬೇರೆ ಗುಳಿಗೆ ಬರೆದುಕೊಡುತ್ತಾರೆ.

3. ಕ್ಲೋರ್ತಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್: ಹೆಚ್ಚಿನ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಬೆಳಿಗ್ಗೆ ನುಂಗಿದರೆ ರಾತ್ರಿ ನಿದ್ದೆ ಕೆಡುವುದಿಲ್ಲ. ನಮ್ಮ ಕಡೆಯ ಬಿರುಬಿಸಿಲಿನಲ್ಲಿ ವಾಂತಿ-ಭೇದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

4. ಅಟೆನೊಲಾಲ್, ಮೆಟೊಪ್ರೊಲಾಲ್: ಮೋಟಾರಿನ ವೇಗ ತಗ್ಗಿಸುತ್ತವೆ. ದಮ್ಮಿನ ರೋಗವಿದ್ದರೆ ಮೊದಲೇ ಹೇಳಬೇಕು. ಇವನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ.

ಮನೆಯಲ್ಲಿ ನೆನಪಿಡಬೇಕಾದದ್ದು

• ದಿನಾಲೂ ಒಂದೇ ಹೊತ್ತಿಗೆ ನುಂಗಿರಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.
• ಬನಶಂಕರಿ ಜಾತ್ರೆಗೆ ಹೊರಟರೂ ಗುಳಿಗೆ ಚೀಲದಲ್ಲಿರಲಿ. ನೀರೂ ಕುಡಿಯದ ಉಪವಾಸವಿದ್ದರೆ ಮೊದಲೇ ಡಾಕ್ಟರನ್ನು ಕೇಳಿರಿ.
• ಹಾಸಿಗೆಯಿಂದ ದಡಕ್ಕನೆ ಏಳಬೇಡಿ. ಕೂತು, ತಡೆದು, ಆಮೇಲೆ ನಿಲ್ಲಿರಿ.
• ಮೈಕೈ ನೋವಿಗೆ ನೀವಾಗೇ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. ಇವು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೂ ಕೆಡಕು.
• ಒಬ್ಬರಿಗೆ ಒಂದು ದಿನಕ್ಕೆ ಉಪ್ಪು ಒಟ್ಟು 5 ಗ್ರಾಂ ಒಳಗಿರಲಿ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.
• ನಿಮ್ಮ ಗುಳಿಗೆಯನ್ನು ನೆರೆಮನೆಯವರಿಗೆ ಕೊಡಬೇಡಿ. ಅವರ ರೋಗ ಬೇರೆ, ಗುಳಿಗೆ ಬೇರೆ.
• ಅಳೆಸುವ ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಕೈಗೆ ಆಸರೆ ಕೊಟ್ಟು, ಮಾತಾಡದೆ ಅಳೆಸಿಕೊಳ್ಳಿರಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ, ಮಾತು ತೊದಲಿದರೆ, ಎದೆ ನೋವು ಬಂದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಸಂಘ ಏನು ಮಾಡಬಹುದು?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದವರಿಗೆ ಬಿ.ಪಿ. ತಪಾಸಣೆ ಉಚಿತ, ಗುಳಿಗೆಯನ್ನೂ ಅಲ್ಲೇ ಕೇಳಿ ಪಡೆಯಬಹುದು. ಉಳಿತಾಯದ ಪುಸ್ತಕದಂತೆ ಬಿ.ಪಿ. ಬರೆದಿಡಲು ಪ್ರತಿಯೊಬ್ಬರಿಗೂ ಒಂದು ಚೀಟಿ ಇರಲಿ. ತಿಂಗಳ ಸಭೆಯಲ್ಲಿ ಕಂತು ಕಟ್ಟಿದ ಮೇಲೆ "ಗುಳಿಗಿ ತೀರ್‍ಯಾವೇನ್ರಿ?" ಎಂದು ಒಬ್ಬರನ್ನೊಬ್ಬರು ಕೇಳೋಣ. ಗುಳಿಗೆ ಬದಲಿಸುವುದು, ಕಡಿಮೆ ಮಾಡುವುದು ಡಾಕ್ಟರ ಕೆಲಸ. ತಪ್ಪದೆ ನುಂಗುವಂತೆ ನೆನಪಿಸುವುದು ನಮ್ಮ ಕೆಲಸ.

ಚರ್ಚಿಸೋಣ

1. ನಮ್ಮ ಸಂಘದಲ್ಲಿ ಎಷ್ಟು ಮಂದಿ ಈ ವರ್ಷ ಬಿ.ಪಿ. ಅಳೆಸಿದ್ದೇವೆ?
2. ಗುಳಿಗೆ ಬಿಟ್ಟವರು ಯಾಕೆ ಬಿಟ್ಟರು? ಖರ್ಚೋ, ದೂರವೋ, ಆರಾಮಾಯಿತೆಂಬ ಭಾವನೆಯೋ?
3. ಅವರೊಂದಿಗೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?